ಅಂಗುಲದ ಭಾವ

ನಮ್ಮ ಭಾವನಿಗೆ ನಡೆಯುತ್ತ ನಡೆಯುತ್ತ ಅಭಿಪ್ರಾಯ ಹೇಳಲು ಬರುವುದಿಲ್ಲ. ಕಾಲು ಆಡುತ್ತಿರುವಷ್ಟು ಹೊತ್ತು ಅವರ ನಾಲಿಗೆ ವಿಶ್ರಾಂತಿಯಲ್ಲಿರುತ್ತದೆ. ನಾಲಿಗೆಗೆ ಚಾಲನೆ ಸಿಕ್ಕಿತೆಂದರೆ ಕಾಲೆರಡೂ ನಿಂತಲ್ಲೇ ಬೇರು ಬಿಡುತ್ತವೆ. ಅದು ರಸ್ತೆಯ ಅಂಚೋ, ನಟ್ಟನಡುವೋ ಎಂಬ ಭೇದವೆಣಿಸುವವರಲ್ಲ ಅವರು. ಎಡಗೈಯನ್ನು ಕೋಟಿನ ಜೇಬಿಗಿಳಿಸಿ, ಬಲಗೈಯ ಹೆಬ್ಬೆರಳು ಕಿರುಬೆರಳುಗಳನ್ನು ಅಗಲಿಸಿ, ಎದುರಿನ ಗಾಳಿಯಲ್ಲಿ ಒಂದು ಗೇಣು ಅಳೆದು, “ಬುಡಕ್ಕೆ ಹೋಗಿ ನೋಡು...” ಎಂದು ಶುರು ಮಾಡಿದರೆಂದರೆ, ಹಿಂದಿನಿಂದ ಬಂದ ಸೈಕಲ್ಲಿನವರು, ತಳ್ಳುಗಾಡಿಯವರು, ಕಚೇರಿಗೆ ಹೊತ್ತಾದ ಗುಮಾಸ್ತರು ಎಲ್ಲರೂ ಹೊಳೆಯ ನಡುವಿನ ಬಂಡೆಯನ್ನು ಬಳಸಿ ಹರಿಯುವ ನೀರಿನಂತೆ ಅವರ ಎಡಬಲಗಳಲ್ಲಿ ಸರಿದುಹೋಗಬೇಕು. ಬೀದಿಯ ತುದಿಯ ಅಂಗಡಿಯಿಂದ ಟಾರ್ಚಿಗೆ ಸೆಲ್ಲು ತರುತ್ತೇನೆಂದು ಹೊರಟವರು, ದಾರಿಯಲ್ಲಿ ಒಂದು ಯುದ್ಧ, ಒಂದು ಚುನಾವಣೆ ಮತ್ತು ಪೆಟ್ರೋಲಿನ ಭವಿಷ್ಯ ಇಷ್ಟನ್ನೂ ಇತ್ಯರ್ಥಗೊಳಿಸಿ ಅಂಗಡಿ ಮುಟ್ಟುವ ಹೊತ್ತಿಗೆ ಅಂಗಡಿಯವನು ಬಾಗಿಲೆಳೆಯುತ್ತಿರುತ್ತಾನೆ. ನನ್ನ ಅಕ್ಕ, ಅಂದರೆ ಅವರ ಧರ್ಮಪತ್ನಿ, ಒಲೆಯ ಮೇಲೆ ಏನಾದರೂ ಇಟ್ಟಿರುವಾಗ ಅವರನ್ನು ಅಂಗಡಿಗೆ ಕಳಿಸುವ ಸಾಹಸವನ್ನು ಎಂದೋ ಬಿಟ್ಟಿದ್ದಾಳೆ.

ನೌಕರಿಯ ನಿಮಿತ್ತ ಆ ಊರಿಗೆ ಹೋಗಿ ಅಕ್ಕನ ಮನೆಯ ಮಹಡಿ ಕೋಣೆಯಲ್ಲಿ ಬಿಡಾರ ಹೂಡಿದಾಗಿನಿಂದ ನಾನು ಭಾವನನ್ನು ಹತ್ತಿರದಿಂದ ಬಲ್ಲೆ. ಅವರು ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿದ್ದು ನಿವೃತ್ತರಾದವರು. ಸೇವೆಯುದ್ದಕ್ಕೂ ಅಂಗಡಿ ಅಂಗಡಿ ಹೊಕ್ಕು ಕಿಲೋ ಬಟ್ಟುಗಳನ್ನು ತೂಗಿ, ಮೀಟರ್ ಕೋಲುಗಳನ್ನು ಅಳೆದು, ಒಂದು ಗ್ರಾಮು ಅತ್ತಿತ್ತಾದರೂ ದಯೆ ದಾಕ್ಷಿಣ್ಯವಿಲ್ಲದೆ ದಂಡ ಹಾಕಿದವರು. ಅವರ ಕೋಟು ಬೀದಿಯ ತಿರುವಿನಲ್ಲಿ ಕಂಡರೆ ಸಾಕು, ವ್ಯಾಪಾರಿಗಳು ತಕ್ಕಡಿಯ ತಟ್ಟೆಯನ್ನು ಒರೆಸತೊಡಗುತ್ತಿದ್ದರಂತೆ. ಇಂಥ ದಶಮಾಂಶ ಪದ್ಧತಿಯ ದಂಡಾಧಿಕಾರಿ ಮನೆಯ ಹೊಸ್ತಿಲು ದಾಟಿ ಒಳಗೆ ಬಂದರೆ ಅಂಗುಲ, ಅಡಿ, ಗಜ, ಮೈಲಿಗಳ ಹೊರತು ಬೇರೆ ಮಾತಿಲ್ಲ. ಕಿಟಕಿಯ ಪರದೆ ಇಷ್ಟಡಿ, ಬೆಕ್ಕಿನ ಬಾಲ ಇಷ್ಟಂಗುಲ, ಮೈದುನನ ಮೂಗು ಎರಡಂಗುಲಕ್ಕೆ ತುಸು ಕಡಿಮೆ. ಈ ವೈರುಧ್ಯದ ಬಗ್ಗೆ ಒಮ್ಮೆ ಧೈರ್ಯ ಮಾಡಿ ಕೇಳಿದೆ. ಅವರು ನನ್ನನ್ನು ಕನಿಕರದಿಂದ ನೋಡಿ, “ಮೀಟರು ನನ್ನ ನೌಕರಿ ಕಣೋ. ಅಂಗುಲ ನನ್ನ ಅಭಿಪ್ರಾಯ” ಎಂದರು.

ಆ ಕೋಟಿನ ವಿಚಾರ ಹೇಳದೆ ಮುಂದೆ ಹೋಗುವಂತಿಲ್ಲ. ಕಂದು ಬಣ್ಣದ, ಮೊಣಕೈಯಲ್ಲಿ ತೇಪೆ ಬಿದ್ದ, ಬೇಸಿಗೆ ಚಳಿಗಾಲಗಳ ಹಂಗಿಲ್ಲದ ಕೋಟು. ಅದರ ಎಡಜೇಬಿನಲ್ಲಿ ಅಳತೆಯ ಟೇಪು. ಅದರ ಒಂದು ಮಗ್ಗುಲಿನ ಅಂಗುಲಗಳು ತಿಕ್ಕಿ ತಿಕ್ಕಿ ಮಾಸಿದ್ದರೆ, ಸೆಂಟಿಮೀಟರಿನ ಮಗ್ಗುಲು ಅಂಗಡಿಯಿಂದ ತಂದ ದಿನದಂತೆ ಇತ್ತು. ಬಲಜೇಬಿಗೆ ತಳವೇ ಇಲ್ಲ. ಬಿಸಿ ಆರದ ಸೋಲ್ಡರಿಂಗ್ ಕಡ್ಡಿಯನ್ನು ವಿಶ್ವ ರಾಜಕಾರಣದ ಯೋಚನೆಯಲ್ಲಿ ಜೇಬಿಗಿಳಿಸಿದ್ದರ ಫಲ ಅದು. ಅಕ್ಕ ಹೊಲಿದುಕೊಡುತ್ತೇನೆಂದರೂ ಕೊಡಲಿಲ್ಲ. “ಇರಲಿ ಬಿಡು, ಆ ಕಡೆ ಹಾಕಿದ್ದೆಲ್ಲ ಅಸ್ತರಿಗೆ ಹೋಗಿ ಸೇರುತ್ತೆ. ಕಳೆದುಹೋಗಲ್ಲ” ಎಂದರು. ನಿಜ, ಕಳೆದುಹೋಗುತ್ತಿರಲಿಲ್ಲ; ಹೀಗೆ ಸೇರಿದ ಸ್ಕ್ರೂ, ಸ್ಪ್ರಿಂಗು, ಫ್ಯೂಸುಗಳಿಂದ ಭಾವ ನಡೆದರೆ ಸಣ್ಣಗೆ ಕಿಣಿಕಿಣಿ ಎನ್ನುತ್ತಿತ್ತು.

ಏಕೆಂದರೆ ಅವರಿಗೆ ರೇಡಿಯೋ, ಬಜರು, ದೀಪಗಳನ್ನು ಸ್ವಂತ ಕೈಯಲ್ಲಿ ಮಾಡುವ ಹುಚ್ಚು. ಮುಂದಿನ ಕೋಣೆಯ ಮೂಲೆಯ ಮೇಜಿನ ಮೇಲೆ ಹಳೆಯ ಮಾತ್ರೆ ಡಬ್ಬಿಗಳ ತುಂಬ ಟ್ರಾನ್ಸಿಸ್ಟರುಗಳು. ಅಡುಗೆಮನೆಯಿಂದ ಯಾವ ಪಾತ್ರೆಯ ಮುಚ್ಚಳ ಮಾಯವಾದರೂ ಅದು ಆ ಮೇಜಿನ ಮೇಲೆ ಯಾವುದೋ ಯಂತ್ರದ ತಳವಾಗಿ ಪುನರ್ಜನ್ಮ ಪಡೆದಿರುತ್ತಿತ್ತು. ನೀರಿನ ಟ್ಯಾಂಕು ತುಂಬಿದರೆ ಕೂಗುವ ಯಂತ್ರವೊಂದನ್ನು ಅವರು ಮಾಡಿದ್ದರು. ಅದು ಟ್ಯಾಂಕು ಖಾಲಿಯಾದಾಗ ಕೂಗುತ್ತಿತ್ತು. ಸಂಜೆಗತ್ತಲಾದರೆ ತಾನಾಗಿ ಹೊತ್ತುವ ದೀಪ, ಅಕ್ಕನ ನೆರಳು ಬಿದ್ದರೂ ಹೊತ್ತುತ್ತಿತ್ತು. “ನಾನು ಬಂದರೆ ದೀಪ ಹೊತ್ತುತ್ತೆ ಕಣೋ. ಯಾವ ಮಹಾರಾಣಿಗಿದೆ ಈ ಭಾಗ್ಯ?” ಎಂದು ಅವಳು ನಗುತ್ತಿದ್ದಳು. ಕೆಟ್ಟ ಯಂತ್ರವನ್ನು ಮುಂದಿಟ್ಟುಕೊಂಡು ಭಾವ ಮಾಡುವ ರೋಗನಿದಾನ ಒಂದೇ: ಲೂಸ್ ಕಾಂಟ್ಯಾಕ್ಟು. ಈ ನಿದಾನವನ್ನು ಅವರು ಯಂತ್ರಗಳಿಗಷ್ಟೇ ಸೀಮಿತಗೊಳಿಸಿರಲಿಲ್ಲ. ಮಂತ್ರಿಮಂಡಲ ಬಿತ್ತೇ? ಲೂಸ್ ಕಾಂಟ್ಯಾಕ್ಟು. ಎರಡು ದೇಶಗಳ ಸಂಧಾನ ಮುರಿಯಿತೇ? ಲೂಸ್ ಕಾಂಟ್ಯಾಕ್ಟು. ನನಗೆ ಅಜೀರ್ಣವಾಗಿ ಎರಡು ದಿನ ಮಲಗಿದಾಗಲೂ ಬಂದು ಹೊಟ್ಟೆಯ ಮೇಲೆ ಬೆರಳು ತಟ್ಟಿ ಅದನ್ನೇ ಹೇಳಿದರು. ಹೊಸ ಕಾಲದ ಎಲೆಕ್ಟ್ರಾನಿಕ್ ಚಿಪ್ಪುಗಳನ್ನು ಮಾತ್ರ ಅವರು ಸುತರಾಂ ಒಪ್ಪುತ್ತಿರಲಿಲ್ಲ. “ಚಿಪ್ಪನ್ನೂ ಮಂತ್ರಿಯನ್ನೂ ನಂಬಬಾರದು. ಒಳಗೇನಿದೆ ಅಂತ ಕಾಣಲ್ಲ, ಕಾಲು ಮಾತ್ರ ಬೇಕಾದಷ್ಟು.”

ಸೇರಿಗೆ ಸವ್ವಾಸೇರು ಎನ್ನುವಂತೆ ಅವರಿಗೊಬ್ಬ ಜೋಡಿಯಿದ್ದರು. ಒಂದೇ ಗೋಡೆಯನ್ನು ಹಂಚಿಕೊಂಡ ಪಕ್ಕದ ಮನೆಯ ಕನ್ನಡಕದ ಅಂಗಡಿಯವರು. ನಮ್ಮ ಮನೆಯಲ್ಲಿ ಅವರ ಹೆಸರೇ ಕನ್ನಡಕದವರು. ಹೆಂಡತಿ ತೀರಿಕೊಂಡ ಮೇಲೆ ಆ ಮನೆಯಲ್ಲಿ ಒಬ್ಬರೇ. ಸಣ್ಣ ಆಳು, ಮೆಲುದನಿ, ಇಸ್ತ್ರಿ ಮುರಿಯದ ಅಂಗಿ. ಮಿಲಿಮೀಟರಿನಲ್ಲಿ ಒಂದು ಪಾಲು ತಪ್ಪಿದರೂ ಗಿರಾಕಿಗೆ ತಲೆನೋವು ಬರುವ ವೃತ್ತಿ ಅವರದು. ಆದ್ದರಿಂದ ಮೀಟರ್ ಪದ್ಧತಿಯೇ ಅವರಿಗೆ ಪರಬ್ರಹ್ಮ. ಅವರಿಗೂ ತಂತಿ, ಟ್ರಾನ್ಸಿಸ್ಟರುಗಳ ಹುಚ್ಚು. ಅವರ ಮೇಜಿನ ಮೇಲೆ ಪ್ರತಿಯೊಂದು ಡಬ್ಬಿಗೂ ಚೀಟಿ, ಪ್ರತಿ ಚೀಟಿಗೂ ಅಂಚು ಕತ್ತರಿಸಿದ ಅಂದ.

ಇವರಿಬ್ಬರ ಅಂಗುಲ–ಮೀಟರ್ ವ್ಯಾಜ್ಯಕ್ಕೆ ಆದಿ ಅಂತ್ಯಗಳಿರಲಿಲ್ಲ. “ಹನ್ನೆರಡನ್ನ ಇಬ್ಬರಿಗೆ ಹಂಚು, ಮೂವರಿಗೆ ಹಂಚು, ನಾಲ್ವರಿಗೆ ಹಂಚು, ಸಲೀಸು. ನಿನ್ನ ಹತ್ತನ್ನ ಮೂವರಿಗೆ ಹಂಚಯ್ಯ ನೋಡೋಣ!” ಎಂದು ಭಾವ ಸವಾಲು ಹಾಕುವರು. ಕನ್ನಡಕದವರು ಕನ್ನಡಕವನ್ನು ತೆಗೆದು ಒರೆಸಿ ಮತ್ತೆ ಏರಿಸಿಕೊಂಡು, “ಮೂರನೆಯವನು ಯಾಕೆ ಬರ್ತಾನಯ್ಯ? ನಾವಿರೋದು ಇಬ್ಬರು” ಎನ್ನುವರು. ಮೂರನೆಯವನಾಗಿ ಅಲ್ಲೇ ಕೂತಿರುತ್ತಿದ್ದ ನಾನು ಯಾರ ಲೆಕ್ಕದಲ್ಲೂ ಇರುತ್ತಿರಲಿಲ್ಲ.

ಇಬ್ಬರೂ ಸೇರಿ ಹಿಂದೆಂದೋ ಒಂದು ಕಾರು ಕೊಂಡಿದ್ದರು. ಎಂಜಿನು ಹಳೆಯ ಕಾಲದ್ದು, ಅದರ ನಟ್ಟುಗಳೆಲ್ಲ ಅಂಗುಲದ ಅಳತೆಯವು. ಆಮೇಲೆ ಬದಲಿಸಿದ ಕಾರ್ಬ್ಯುರೇಟರು, ಪಂಪು ಇತ್ಯಾದಿಗಳು ಮಿಲಿಮೀಟರಿನವು. ಹೀಗಾಗಿ ಬಾನೆಟ್ಟು ತೆರೆದರೆ ಎರಡು ಮನೆಯ ಸ್ಪ್ಯಾನರ್ ಪೆಟ್ಟಿಗೆಗಳೂ ಬೇಕು. ಕಾರಿನ ಪೆಟ್ರೋಲ್ ಮುಳ್ಳನ್ನು ಭಾವ ಜ್ಯೋತಿಷ್ಯವೆಂದು ಕರೆದು, ಟ್ಯಾಂಕಿಗೆ ಒಂದು ಕೋಲನ್ನಿಳಿಸಿ ಒದ್ದೆಯಾದ ಭಾಗವನ್ನು ಬೆರಳಿನಿಂದ ಅಳೆಯುತ್ತಿದ್ದರು. ಕನ್ನಡಕದವರು ಅದೇ ಕೋಲಿನ ಇನ್ನೊಂದು ಮಗ್ಗುಲಿಗೆ ತಮ್ಮ ಗೀಟುಗಳನ್ನು ಎಳೆದಿದ್ದರು. ಎರಡೂ ಮಗ್ಗುಲು ಒಪ್ಪಿದ ದಿನವೂ ಕಾರು ಅರ್ಧ ದಾರಿಯಲ್ಲಿ ನಿಂತದ್ದುಂಟು.

ಆದರೆ ಇಬ್ಬರ ಪ್ರತಿಭೆಯ ಪರಮಫಲವೆಂದರೆ ಗೋಡೆಯೊಳಗಿನ ಇಂಟರ್‌ಕಾಮು. ಅಕ್ಕ ಆ ಮನೆಗೆ ಹೊಸದಾಗಿ ಬಂದ ಕಾಲದ ಕೆಲಸವದು. ಗೋಡೆಯ ಈ ಕಡೆಯಿಂದ ಭಾವ, ಆ ಕಡೆಯಿಂದ ಕನ್ನಡಕದವರು ತೂತು ಕೊರೆಯುತ್ತ ಬಂದು ನಡುವೆ ಸಂಧಿಸುವುದೆಂದು ತೀರ್ಮಾನವಾಯಿತು. ಮೂಲೆಯಿಂದ ಒಬ್ಬರ ಅಳತೆ ನಾಲ್ಕೂವರೆ ಅಂಗುಲ, ಇನ್ನೊಬ್ಬರದು ಹನ್ನೊಂದು ಚಿಲ್ಲರೆ ಸೆಂಟಿಮೀಟರು. ಎರಡು ತೂತುಗಳೂ ಒಂದಕ್ಕೊಂದು ಮುಖ ನೋಡದೆ ಹಾದುಹೋದವು. ಕೊನೆಗೆ ನಮ್ಮ ಕಡೆಯ ಗೋಡೆಯನ್ನು ಒಂದಿಷ್ಟು ಒಡೆದು, ಅಲ್ಲೊಂದು ತಗಡಿನ ಡಬ್ಬಿ ಕೂರಿಸಿ, ಎರಡು ಮನೆಯ ತಂತಿಗಳನ್ನು ಅದರೊಳಗೆ ತಂದರು. ತಂತಿಗಳಿಗೆ ಯಾರು ಸೋಲ್ಡರ್ ಹಾಕಬೇಕೆಂಬ ಚರ್ಚೆ ಬಗೆಹರಿಯದ್ದರಿಂದ, ಹಾವೂ ಸಾಯದಂತೆ ಕೋಲೂ ಮುರಿಯದಂತೆ, ಒಬ್ಬರು ಬೋಲ್ಟು ಕೊಟ್ಟು ಇನ್ನೊಬ್ಬರು ನಟ್ಟು ಕೊಟ್ಟು ಬಿಗಿದು, ಗಾರೆ ಮೆತ್ತಿ ಮುಚ್ಚಿದರು. ಅಂದಿನಿಂದ ಬೆಳಗಿನ ಟೀ ಒಲೆಯಿಂದ ಇಳಿಯುತ್ತಲೇ ಬಜರು ‘ಕೊರ್’ ಎನ್ನಬೇಕು. ಮೊದಲು ಯಾರು ಒತ್ತಿದರೂ ಆದೀತು. “ಎದ್ದೆಯಾ?” “ಎದ್ದೆ.” “ಪೇಪರ್ ನೋಡಿದೆಯಾ?” “ನೋಡಿದೆ. ನಿನ್ನ ದೇಶದವರು ಮತ್ತೆ ಮಾತು ತಪ್ಪಿದರಲ್ಲ!” ಅಷ್ಟೇ ಸಾಕು, ಒಬ್ಬರು ಅತ್ತ ಎದ್ದು, ಚಪ್ಪಲಿ ಮೆಟ್ಟಿ, ಇತ್ತ ಬಂದುಬಿಡುತ್ತಿದ್ದರು. ಒಂಟಿಮನೆಯ ಮನುಷ್ಯ ಬೆಳಗ್ಗೆ ಎದ್ದರೆಂಬುದಕ್ಕೆ ಆ ‘ಕೊರ್’ ಒಂದೇ ಸಾಕ್ಷಿಯೆಂದು ಅಕ್ಕ ಎಷ್ಟೋ ಸಲ ನನ್ನಲ್ಲಿ ಹೇಳಿದ್ದಳು.

ಜಗಳವಾದದ್ದು ಸಮುದ್ರದಾಚೆಯ ಎರಡು ದೇಶಗಳ ದೆಸೆಯಿಂದ. ಆ ದೇಶಗಳನ್ನು ಇಬ್ಬರೂ ಕಂಡವರಲ್ಲ. ಭಾವನ ಹತ್ತಿರ ಒಂದು ದೇಶದ ಅಂಚೆಚೀಟಿಗಳಿದ್ದವು. ಕನ್ನಡಕದವರಿಗೆ ಇನ್ನೊಂದು ದೇಶದಿಂದ ಗಾಜು ಬರುತ್ತಿತ್ತು. ಅದಕ್ಕಿಂತ ಗಟ್ಟಿಯಾದ ಸಂಬಂಧ ಬೇಕಿರಲಿಲ್ಲ. ಕಲ್ಲುಬಂಡೆಯ ಒಂದು ಪಟ್ಟಿಗಾಗಿ ಆ ದೇಶಗಳು ಕಾದಾಡತೊಡಗಿದ ವಾರ, ಒಂದು ಸಂಜೆ ಕನ್ನಡಕದವರ ಮುಂದಿನ ಕೋಣೆಯಲ್ಲಿ ನಾವು ಮೂವರೂ ರೇಡಿಯೋ ವಾರ್ತೆ ಕೇಳುತ್ತಿದ್ದೆವು.

“ಬುಡಕ್ಕೆ ಹೋಗಿ ನೋಡು,” ಎಂದು ಭಾವ ಗಾಳಿಯಲ್ಲಿ ಗೇಣು ಹಾಕಿದರು. “ನಕ್ಷೆ ಮೇಲೆ ಸ್ಕೇಲಿಟ್ಟು ಗಡಿ ಗೀಚಿದೋನು ಆ ನೆಲದ ಮೇಲೆ ಒಂದು ಹೆಜ್ಜೆ ಇಟ್ಟಿದ್ದನಾ? ನೆಲಾನ ಕಾಲಲ್ಲಿ ಅಳೀಬೇಕು ಕಣಯ್ಯ, ಕಾಗದದ ಮೇಲಲ್ಲ.”

“ಯಾರ ಕಾಲಲ್ಲಿ? ನಿನ್ನದರಲ್ಲಾ, ನನ್ನದರಲ್ಲಾ?” ಎಂದರು ಕನ್ನಡಕದವರು. “ಗೆರೆ ಅಂದರೆ ಗೆರೆ. ಒಪ್ಪಿಕೊಂಡ ಮೇಲೆ ಮುಗೀತು.”

ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಗಡಿಯಿಂದ ಮೀಟರಿಗೆ, ಮೀಟರಿನಿಂದ ಕಾರ್ಬ್ಯುರೇಟರಿಗೆ, ಅಲ್ಲಿಂದ ನಮ್ಮ ಟ್ಯಾಂಕಿನ ಬಜರಿಗೆ ಮಾತು ಬಂತು. ಆಗ ಕನ್ನಡಕದವರು, ಮೆಲುದನಿಯನ್ನು ಒಂದಿಷ್ಟೂ ಏರಿಸದೆ, ಆಡಬಾರದ ಮಾತನ್ನು ಆಡಿದರು. “ನಿನ್ನ ವಿದೇಶಾಂಗ ನೀತಿನೂ ನಿನ್ನ ಸೋಲ್ಡರಿಂಗೂ ಒಂದೇ ಕಣಯ್ಯ. ಬೇಕಾದ ಕಡೆ ಅಂಟಲ್ಲ, ಬೇಡದ ಕಡೆಯೆಲ್ಲ ಹರಡುತ್ತೆ.”

ಭಾವ ಎದ್ದು ನಿಂತರು. ಕೋಟಿನ ಅಸ್ತರಿನೊಳಗೆ ಸ್ಕ್ರೂಗಳು ಕಿಣಿಗುಟ್ಟಿದವು. “ನಿನ್ನ ಕೈಯಲ್ಲಿ ಕನ್ನಡಕ ಹಾಕಿಸಿಕೊಂಡೋರಿಗೆಲ್ಲ ಪ್ರಪಂಚ ನಿನ್ನ ಬುದ್ಧಿ ಹಾಗೇ ಸೊಟ್ಟಗೆ ಕಾಣುತ್ತೆ!” ಎಂದವರೇ ಹೊರಬಿದ್ದು, ನಮ್ಮ ಮನೆಗೆ ಬಂದು, ಬಾಗಿಲನ್ನು ಎಷ್ಟು ಜೋರಾಗಿ ಬಡಿದರೆಂದರೆ ಗೋಡೆಗೆ ತೂಗುಹಾಕಿದ್ದ ಗಡಿಯಾರ ಕಳಚಿ ಬಿತ್ತು.

ಭಾವನ ಕೋಪ ಹಾಲಿನ ಉಕ್ಕು, ಬೆಳಗಾಗುವಷ್ಟರಲ್ಲಿ ಇಳಿದಿತ್ತು. ಟೀ ಲೋಟ ಹಿಡಿದು, ಅಕ್ಕ ಒಳಗಿರುವುದನ್ನು ಖಚಿತಪಡಿಸಿಕೊಂಡು, ಬಜರಿನ ಗುಂಡಿ ಒತ್ತಿದರು. ಉತ್ತರವಿಲ್ಲ. ಮತ್ತೆ ಒತ್ತಿದರು. ಸ್ಪೀಕರಿನಲ್ಲಿ ಎಂದೂ ಇರುತ್ತಿದ್ದ ಸಣ್ಣ ಗುಂಯ್‌ಗುಡುವಿಕೆಯೂ ಇರಲಿಲ್ಲ. ಮೆಟ್ಟಿಲಿಳಿದು ಬರುತ್ತಿದ್ದ ನನ್ನನ್ನು ಕಂಡು ಹತ್ತಿರ ಕರೆದರು. “ತಂತಿ ಕತ್ತರಿಸಿಬಿಟ್ಟಿದ್ದಾನೆ ಕಣೋ,” ಎಂದು ಪಿಸುಗುಟ್ಟಿದರು. “ನಿಮ್ಮಕ್ಕನಿಗೆ ಹೇಳಬೇಡ, ನೊಂದುಕೊಳ್ಳುತ್ತಾಳೆ.” ಜಗತ್ತಿನ ಸಕಲ ಮೌನಗಳಿಗೂ ಲೂಸ್ ಕಾಂಟ್ಯಾಕ್ಟೇ ಕಾರಣವೆಂದು ಸಾರಿದ ಮನುಷ್ಯನಿಗೆ ತನ್ನ ಮನೆಯ ಮೌನದಲ್ಲಿ ಮಾತ್ರ ಅದು ಹೊಳೆಯಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ. ಗೋಡೆಯೊಳಗಿನ ಆ ಜೋಡಣೆ ತಾವೇ ಮಾಡಿದ್ದಲ್ಲವೆ? ಅದು ಕೆಡುವುದುಂಟೆ?

ಅಕ್ಕ ಸುಮ್ಮನಿರುವ ಜಾತಿಯಲ್ಲ. ಒಂದು ಡಬ್ಬಿ ತುಂಬ ಊಟ ಕಟ್ಟಿಕೊಂಡು ಪಕ್ಕದ ಮನೆಗೆ ಹೋಗಿ, “ಅಣ್ಣಾ, ಸಾಕು ಬನ್ನಿ” ಎಂದು ಕರೆದಳು. ಕನ್ನಡಕದವರು ಡಬ್ಬಿ ತೆಗೆದುಕೊಂಡು, “ಅವನಿಗೇ ಬೇಡವಾದ ಮೇಲೆ ನಾನು ಹೇಗೆ ಬರಲಿ ತಂಗಿ?” ಎಂದಷ್ಟೇ ಹೇಳಿದರಂತೆ. ಏನು ಬೇಡವಾಯಿತೆಂದು ಅವರು ಬಿಡಿಸಿ ಹೇಳಲಿಲ್ಲ, ಇವಳಿಗೆ ಕೇಳಲು ತೋಚಲಿಲ್ಲ. ಖಾಲಿ ಡಬ್ಬಿ ತೊಳೆದು, ಒರೆಸಿ, ಮರುದಿನ ನಮ್ಮ ಕಾಂಪೌಂಡಿನ ಮೇಲೆ ಕೂತಿತ್ತು.

ಹೀಗೆ ವಾರಗಳು ಕಳೆದವು. ಕಾರು ಬೀದಿಯಲ್ಲಿ ಧೂಳು ತಿನ್ನುತ್ತ ನಿಂತಿತು. ಅದರ ಎಂಜಿನ್ನು ಭಾವನ ಸ್ಪ್ಯಾನರಿಗೆ ಅರ್ಧ ಬಿಚ್ಚಿಕೊಂಡು, ಉಳಿದರ್ಧಕ್ಕಾಗಿ ಪಕ್ಕದ ಮನೆಯ ದಾರಿ ಕಾಯುತ್ತಿತ್ತು. ಭಾವ ಅಭಿಪ್ರಾಯಗಳಿಗೆ ಹೊಸ ಗಿರಾಕಿ ಹುಡುಕಿದರು. ಬಸ್ಸಿನ ಕಂಡಕ್ಟರಿಗೆ ಡೀಸೆಲ್ ಎಂಜಿನ್ನಿನ ನೈತಿಕತೆ ವಿವರಿಸಹೋದರೆ ಆತ ಟಿಕೆಟ್ಟು ಹರಿದುಕೊಟ್ಟು ಮುಂದೆ ಹೋದ. ಅಕ್ಕನಿಗೆ ಹೇಳಿದರೆ ಅವಳು ಸೊಪ್ಪು ಸೋಸುತ್ತ “ಹೌದ್ರಿ, ಹೌದ್ರಿ” ಎಂದಳು. ನಾನಂತೂ ಹುಟ್ಟು ಸೋಮಾರಿ. ವಾದಿಸುವುದಕ್ಕಿಂತ ಒಪ್ಪುವುದು ಸುಲಭವೆಂದು ಎಲ್ಲಕ್ಕೂ ಹೂಂಗುಟ್ಟಿದೆ. ಮೀಟರ್ ಪದ್ಧತಿ ಮನುಕುಲದ ಅವನತಿಗೆ ಕಾರಣವೆಂದರು, ಹೂಂ ಎಂದೆ. “ನಿನ್ನ ಹತ್ತಿರ ಮಾತಾಡೋದೂ ಒಂದೇ, ಗೋಡೆ ಹತ್ತಿರ ಮಾತಾಡೋದೂ ಒಂದೇ,” ಎಂದರು. ಆಮೇಲೆ, “ಗೋಡೆನಾದರೂ ಒಂದು ಕಾಲದಲ್ಲಿ ತಿರುಗಿ ಮಾತಾಡ್ತಿತ್ತು” ಎಂದು ಎದ್ದು ಹೋದರು. ನನಗೆ ನಗು ಬರಲಿಲ್ಲ.

ಸಮುದ್ರದಾಚೆಯ ಆ ಎರಡು ದೇಶಗಳು ಕದನವಿರಾಮಕ್ಕೆ ಸಹಿ ಹಾಕಿದವು. ಎರಡೂ ಕಡೆಯ ಮುಖಂಡರು ಕೈ ಕುಲುಕುವ ಚಿತ್ರ ಪೇಪರಿನಲ್ಲಿ ಬಂತು. ಭಾವ ಅದನ್ನು ನೋಡಿ, ಮಡಚಿ, ಏನೂ ಹೇಳದೆ ಕೆಳಗಿಟ್ಟರು. ಅಂದು ಅಕ್ಕ ಅವರನ್ನು ಸಕ್ಕರೆ ತರಲು ಅಂಗಡಿಗೆ ಕಳಿಸಿದ್ದಳು. ಅವಳು ಒಲೆ ಹಚ್ಚಿ ಪಾತ್ರೆ ಇಡುವಷ್ಟರಲ್ಲಿ ಭಾವ ಸಕ್ಕರೆಯ ಪೊಟ್ಟಣದೊಂದಿಗೆ ಬಾಗಿಲಲ್ಲಿ ನಿಂತಿದ್ದರು. ದಾರಿಯಲ್ಲಿ ಎಲ್ಲೂ ನಿಂತಿರಲಿಲ್ಲ. ಅಕ್ಕ ಪೊಟ್ಟಣ ತೆಗೆದುಕೊಂಡು ನನ್ನ ಹತ್ತಿರ ಬಂದಳು. ಅವಳ ಕಣ್ಣಿನಲ್ಲಿ ನೀರಿತ್ತು. “ಇಷ್ಟು ಬೇಗ ಬಂದುಬಿಟ್ಟರಲ್ಲೋ! ಹೀಗೇ ಆದರೆ ಇವರು ಉಳೀತಾರೇನೋ?” ಎಂದಳು. ಗಂಡ ಅಂಗಡಿಯಿಂದ ಬೇಗ ಬಂದನೆಂದು ಅತ್ತ ಹೆಂಗಸನ್ನು ನಾನು ಅದೊಂದೇ ಸಲ ಕಂಡದ್ದು. ಆದರೂ ಬೆಳಗಿನ ಟೀ ಹೊತ್ತಿಗೆ ಭಾವ ತಪ್ಪದೆ ಆ ಗುಂಡಿಯ ಬಳಿ ಸುಳಿದಾಡುತ್ತಿದ್ದರು. ಒತ್ತುವುದನ್ನು ನಾನು ನೋಡಿಬಿಟ್ಟರೆ, “ಧೂಳು ಕೂತಿದೆ, ಒರೆಸ್ತಾ ಇದ್ದೆ” ಎನ್ನುವರು.

ಮಹಡಿಯ ಕೊಳವೆ ಸೋರಿ ಮುಂದಿನ ಕೋಣೆಯ ಗೋಡೆಗೆ ತೇವ ಹತ್ತಿದ್ದರಿಂದ ಒಂದು ಬೆಳಗ್ಗೆ ಗಾರೆಯವನು ಬಂದ. ನಾವಿನ್ನೂ ಟೀ ಕುಡಿದಿರಲಿಲ್ಲ. ಅವನು ಬುರುಬುರು ಉದುರುತ್ತಿದ್ದ ಗಾರೆಯನ್ನು ಉಳಿಯಿಂದ ಕೆರೆಯುತ್ತ ಬಂದಂತೆ ಉಳಿ ಟಣ್ ಎಂದಿತು. ಗೋಡೆಯೊಳಗಿಂದ ತುಕ್ಕು ಹಿಡಿದ ತಗಡಿನ ಡಬ್ಬಿ ಮುಖ ತೋರಿಸಿತು. ಭಾವ ಅವನನ್ನು ಸರಿಸಿ, ಟಾರ್ಚು ಬಿಟ್ಟು, ಮೂಗನ್ನು ಗೋಡೆಗೆ ತಾಗಿಸಿ ನೋಡಿದರು. ಈ ಕಡೆಯ ಕಪ್ಪು ತಂತಿ ಡಬ್ಬಿಯವರೆಗೂ ಬಂದಿತ್ತು. ಆ ಕಡೆಯ ಕೆಂಪು ತಂತಿಯೂ ಬಂದಿತ್ತು. ಯಾವುದಕ್ಕೂ ಕತ್ತರಿ ತಾಗಿರಲಿಲ್ಲ. ಅವೆರಡನ್ನೂ ಹಿಡಿದಿಟ್ಟಿದ್ದ ಬೋಲ್ಟಿನಿಂದ ಕಳಚಿ ಬಿದ್ದ ನಟ್ಟು ಡಬ್ಬಿಯ ತಳದಲ್ಲಿ ಮಲಗಿತ್ತು.

ಭಾವ ಅದನ್ನೆತ್ತಿಕೊಂಡು ಬೋಲ್ಟಿಗೆ ತಿರುಗಿಸಿದರು. ಎರಡು ಸುತ್ತು ಹೋಯಿತು, ಮುಂದಕ್ಕೆ ಹೋಗದೆ ಕಚ್ಚಿಕೊಂಡಿತು. ಬಿಚ್ಚಿ ಮತ್ತೆ ತಿರುಗಿಸಿದರು. ಮತ್ತೆ ಎರಡೇ ಸುತ್ತು. ಕೆಳಗೆ ಕೂತುಬಿಟ್ಟರು.

“ನನ್ನ ಬೋಲ್ಟು ಅಂಗುಲದ್ದು ಕಣೋ,” ಎಂದರು. “ಅವನ ನಟ್ಟು ಮಿಲಿಮೀಟರಿನದು. ಎರಡು ಸುತ್ತು ಹತ್ತುತ್ತೆ, ಆಮೇಲೆ ಸಿಕ್ಕಿಹಾಕಿಕೊಳ್ಳುತ್ತೆ. ಅದನ್ನೇ ನಾವು ಬಿಗಿಯಾಯ್ತು ಅಂದುಕೊಂಡ್ವಿ. ಇಷ್ಟು ವರ್ಷ ಬರೀ ಹಟದ ಮೇಲೆ ನಿಂತಿತ್ತು ಇದು.” ಬಿದ್ದಿದ್ದ ಗಡಿಯಾರದ ಖಾಲಿ ಮೊಳೆಯತ್ತ ಅವರ ಕಣ್ಣು ಹೋಯಿತು. “ಆವತ್ತು ಬಾಗಿಲು ಬಡಿದದ್ದು ನಾನೇ ಅಲ್ವೇನೋ?”

ನಾನು ಈ ಸಲ ಹೂಂ ಎನ್ನಲಿಲ್ಲ.

ಅವರು ಎದ್ದು ನಿಂತು, ಎರಡು ಕೈಯನ್ನೂ ಗೋಡೆಯೊಳಗೆ ತೂರಿಸಿ, ಕಪ್ಪು ತಂತಿಯ ತುದಿಯನ್ನು ಕೆಂಪು ತಂತಿಯ ತುದಿಗೆ ಬೆರಳಿನಿಂದ ಒತ್ತಿ ಹಿಡಿದರು. ಒಳಗೆ ಅಕ್ಕ ಟೀ ಇಳಿಸುವ ಸದ್ದಾಯಿತು. “ನೀನು ಆ ಗುಂಡಿ...” ಎಂದು ಅವರು ನನಗೆ ಹೇಳುತ್ತಿದ್ದಂತೆಯೇ, ನಾನಿನ್ನೂ ಒಂದು ಹೆಜ್ಜೆಯಿಡುವ ಮೊದಲೇ, ನಮ್ಮ ಬಜರು ‘ಕೊರ್’ ಎಂದಿತು.

ಭಾವ ಮೈಯೆಲ್ಲ ಕಿವಿಯಾಗಿ ನಿಂತರು. ಬೆರಳು ಸಡಿಲವಾಗಿ ಸದ್ದು ನಿಂತಿತು. ಮತ್ತೆ ಒತ್ತಿದರು, ಮತ್ತೆ ‘ಕೊರ್’. ಅಕ್ಕ ಒದ್ದೆಗೈಯಲ್ಲೇ ಓಡಿಬಂದು ಮಾತಾಡುವ ಸ್ವಿಚ್ಚನ್ನು ಅದುಮಿದಳು. ಕೈ ಬಿಡುವಂತಿರಲಿಲ್ಲವಾದ್ದರಿಂದ ಭಾವ ಗೋಡೆಗೆ ಕೆನ್ನೆ ಆನಿಸಿಕೊಂಡೇ ಕೂಗಿದರು: “ಯಾರದು?”

“ಇನ್ಯಾರು?” ಎಂದಿತು ಸ್ಪೀಕರಿನ ಮೆಲುದನಿ. ಅದು ಗೋಡೆಯ ತೂತಿನಿಂದಲೂ ಕೇಳಿಸುತ್ತಿತ್ತು. “ದಿನಾ ಬೆಳಿಗ್ಗೆ ಒತ್ತುತ್ತಾ ಇದ್ದೀನಿ. ತಂತಿನೇ ಕತ್ತರಿಸಿಬಿಟ್ಟೆಯಲ್ಲಯ್ಯ ನೀನು.”

“ನಾನಾ? ನೀನು ಕತ್ತರಿಸಿದೆ ಅಂತ ನಾನು...” ಭಾವ ತಂತಿಯನ್ನು ಇನ್ನಷ್ಟು ಒತ್ತಿ ಹಿಡಿದರು. ಗಾರೆಯವನು ಉಳಿ ಹಿಡಿದು ನಮ್ಮೆಲ್ಲರ ಮುಖವನ್ನು ಸರದಿಯಂತೆ ನೋಡಿದ.

“ಲೂಸ್ ಕಾಂಟ್ಯಾಕ್ಟು ಕಣಯ್ಯ,” ಎಂದರು ಭಾವ.

“ಎಲ್ಲಿ?”

“ಗೋಡೆ ಒಳಗೆ. ನಿನ್ನ ನಟ್ಟು.”

“ನನ್ನ ನಟ್ಟು ಸರಿಯಾಗೇ ಇರುತ್ತೆ. ನಿನ್ನ ಬೋಲ್ಟು ನೋಡಿಕೋ.”

“ರೀ, ಜಗಳ ಆಮೇಲಾಡಿ,” ಎಂದಳು ಅಕ್ಕ, ನಗುತ್ತಲೋ ಅಳುತ್ತಲೋ. “ಅಣ್ಣಾ, ಟೀ ಆರುತ್ತೆ. ಬನ್ನಿ!”

ಅವರು ಬಂದರು. ಇಸ್ತ್ರಿ ಮುರಿಯದ ಅಂಗಿಯ ಗುಂಡಿಗಳು ಒಂದು ಕಾಜ ತಪ್ಪಿ ಕೂತಿದ್ದವು, ಚಪ್ಪಲಿ ಮರೆತಿದ್ದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಗೋಡೆಯ ಡಬ್ಬಿಯನ್ನು ನೋಡಿದರು. ಸರಿಯಾದ ನಟ್ಟು ಹಾಕೋಣವೆಂದರೆ ಯಾರ ಡಬ್ಬಿಯದು? ಅಂಗುಲದ ಜೋಡಿ ಹಾಕಿದರೆ ಅದು ಶರಣಾಗತಿ ಎಂದು ಕನ್ನಡಕದವರು. ಮಿಲಿಮೀಟರಿನ ಜೋಡಿ ತನ್ನ ಗೋಡೆಯೊಳಗೆ ಇರತಕ್ಕದ್ದಲ್ಲ ಎಂದು ಭಾವ. “ಕಲಸಿದ ಸಿಮೆಂಟು ಗಟ್ಟಿ ಆಗ್ತಾ ಇದೆ ಸಾರ್, ಬೇಗ ಏನಾದರೂ ತೀರ್ಮಾನ ಮಾಡಿ” ಎಂದು ಗಾರೆಯವನು ಗೋಗರೆದ. ಅಳೆದೂ ಸುರಿದೂ ಕೊನೆಗೆ ಅದೇ ಬೋಲ್ಟು, ಅದೇ ನಟ್ಟು, ಅದರ ಮೇಲೊಂದು ತೊಟ್ಟು ಸೋಲ್ಡರು ಎಂದಾಯಿತು. ಕಾದ ಸೋಲ್ಡರಿಂಗ್ ಕಡ್ಡಿಯನ್ನು ಭಾವ ಕೈಯಲ್ಲಿ ಹಿಡಿದು ಒಂದು ಗಳಿಗೆ ನಿಂತರು. ಆಮೇಲೆ ಅದರ ಹಿಡಿಯನ್ನು ಗೆಳೆಯನ ಕಡೆ ತಿರುಗಿಸಿದರು. “ನೀನೇ ಹಾಕು. ನಂದು ಬೇಡದ ಕಡೆಯೆಲ್ಲ ಹರಡುತ್ತೆ.”

ಕನ್ನಡಕದವರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಒರೆಸಿದರು. “ಬೇಡ, ನೀನೇ ಹಾಕಯ್ಯ,” ಎಂದರು. “ಇಲ್ಲಿ ಒಂದಿಷ್ಟು ಹರಡಲಿ.”

ಭಾವ ಹಾಕಿದರು. ಸೋಲ್ಡರು ನಟ್ಟಿನ ಮೇಲೂ ಬೋಲ್ಟಿನ ಮೇಲೂ ಡಬ್ಬಿಯ ಮೇಲೂ ಭಾವನ ಕೋಟಿನ ತೋಳಿನ ಮೇಲೂ ಧಾರಾಳವಾಗಿ ಹರಡಿತು. ಅದೊಂದು ದರಿದ್ರ ಕೆಲಸ. ನಾನು ಕಂಡಂತೆ ಅವರ ಜೀವಮಾನದ ಅತ್ಯುತ್ತಮ ಕೆಲಸವೂ ಹೌದು. ಅಂದು ಸಂಜೆ ಅಕ್ಕ ಭಾವನನ್ನು ಸೆಲ್ಲು ತರಲು ಕಳಿಸಿದಳು. ಕನ್ನಡಕದವರೂ ಜೊತೆಗೆ ಹೋದರು. ಅಂಗಡಿಯವನು ಬಾಗಿಲೆಳೆದು ಬೀಗ ಹಾಕಿದ ಮೇಲೂ ಅವರಿಬ್ಬರು ಬೀದಿಯ ನಟ್ಟನಡುವೆ ನಿಂತಿದ್ದರು. ಒಬ್ಬರ ಬಲಗೈ ಗಾಳಿಯಲ್ಲಿ ಗೇಣು ಹಾಕುತ್ತಿತ್ತು, ಸೈಕಲ್ಲುಗಳು ಎಡಕ್ಕೂ ಬಲಕ್ಕೂ ಬಳಸಿ ಹೋಗುತ್ತಿದ್ದವು. ಅಕ್ಕ ಕಿಟಕಿಯಿಂದ ನೋಡಿ, “ಇನ್ನು ಸೆಲ್ಲು ಬಂದ ಹಾಗೇ ಇದೆ” ಎಂದು ನೆಮ್ಮದಿಯಿಂದ ಮೇಣದಬತ್ತಿ ಹುಡುಕಲು ಹೋದಳು.

ಇಂಥವರು ಎಲ್ಲ ಬೀದಿಗಳಲ್ಲೂ ಇರುತ್ತಾರೆ. ಯಾವ ದೇಶ ಯಾವ ದೇಶಕ್ಕೆ ಎಷ್ಟು ನೆಲ ಬಿಟ್ಟುಕೊಡಬೇಕೆಂದು ಬಲ್ಲರು, ತಮ್ಮ ಮನೆಯ ಟ್ಯಾಂಕು ಯಾವಾಗ ತುಂಬುತ್ತದೆಂದು ಅರಿಯರು. ಅವರ ಅಭಿಪ್ರಾಯಗಳು ಸರಿಯೋ ತಪ್ಪೋ ಎಂದು ತಕ್ಕಡಿ ಹಿಡಿದು ಹೊರಡುವುದು ನಮ್ಮ ಬೆಪ್ಪುತನ. ಅವು ತೂಕಕ್ಕೆ ಮಾಡಿದ ವಸ್ತುಗಳೇ ಅಲ್ಲ. ಇಷ್ಟು ದೊಡ್ಡ ಜಗತ್ತು, ಅದರ ಯುದ್ಧ, ವಾಹನ, ಅಂಗುಲ, ಮೀಟರುಗಳ ಸಮೇತ ಅವರಿಗೆ ಬೇಕಾಗಿರುವುದು ಬೆಳಗೆದ್ದು ಪಕ್ಕದ ಮನೆಯವನನ್ನು ಕರೆಯಲು ಒಂದು ನೆಪವಾಗಿ. ಆ ಕಡೆಯವನು ಒಪ್ಪಿಬಿಟ್ಟರೆ ಕೆಲಸ ಕೆಟ್ಟಿತು. ಉತ್ತರವೇ ಬಾರದಿದ್ದರೆ ಜೀವವೇ ಹೋಯಿತು. ಪೂರ್ತಿ ಹೊಂದುವ ನಟ್ಟು ಬೋಲ್ಟುಗಳು ಅಂಗಡಿಯ ಡಬ್ಬಿಯಲ್ಲಿ ಬೇಕಾದಷ್ಟು ಸಿಗುತ್ತವೆ. ಮನುಷ್ಯರಲ್ಲಿ ಎರಡು ಸುತ್ತು ಹತ್ತಿಕೊಂಡು, ಮೂರನೆಯದಕ್ಕೆ ಕಚ್ಚಾಡಿ, ಅಷ್ಟರಲ್ಲೇ ಒಂದು ಆಯುಸ್ಸು ಕಳೆದರೆ ಅದೇ ದೊಡ್ಡದು. ಉಳಿದದ್ದಕ್ಕೆ ಸೋಲ್ಡರು ಹಾಕಿಕೊಳ್ಳಬೇಕು. ಒಂದಿಷ್ಟು ಹರಡಿದರೂ ಚಿಂತೆಯಿಲ್ಲ.